ಬರಗಾಲದಲ್ಲಿ ಎದ್ದ ಅರಮನೆಯಲ್ಲಿ ಒಂದು ರಾತ್ರಿ

ಜೋಧಪುರದ ಹಳೇ ಪೇಟೆಯಲ್ಲಿ ಯಾವ ಮನೆಯ ಮಾಳಿಗೆ ಹತ್ತಿದರೂ ಕೋಟೆ ಕಾಣುತ್ತದೆ. ಆ ಕೋಟೆಯ ಗೋಡೆಯ ಮೇಲೆ ನಿಂತು ದೂರಕ್ಕೆ ನೋಡಿದರೆ ಇನ್ನೊಂದು ಗುಡ್ಡ, ಅದರ ಮೇಲೆ ದೊಡ್ಡ ಗುಮ್ಮಟದ ಅರಮನೆ. ಕೋಟೆಯ ಹೆಸರು ಮೆಹ್ರಾನ್‌ಗಢ, ಅದಕ್ಕೆ ಅಡಿಗಲ್ಲು ಬಿದ್ದದ್ದು 1459ರಲ್ಲಿ. ಅರಮನೆಯ ಹೆಸರು ಉಮೇದ್ ಭವನ, ಅದಕ್ಕೆ ಅಡಿಗಲ್ಲು ಬಿದ್ದದ್ದು 1929ರಲ್ಲಿ. ನಡುವೆ ಸರಿಯಾಗಿ 470 ವರ್ಷ. ಈ ಎರಡೂ ಕಟ್ಟಡಗಳ ಕಥೆಯಲ್ಲಿ ಬರಗಾಲ ಬರುತ್ತದೆ. ನಾನು ಹೋಗುವ ಮುಂಚೆ ಇದು ನನಗೆ ಗೊತ್ತಿರಲಿಲ್ಲ. ಅರಮನೆ ಅಂದರೆ ಆನೆ, ಅಂಬಾರಿ, ಜರಿ ಪೇಟ ಅಂತಷ್ಟೇ ನಾವು ತಿಳಿದಿರುತ್ತೇವೆ, ಅಲ್ಲವೇ?

ನಮ್ಮ ಮದುವೆಯಾಗಿ ನಲವತ್ತು ವರ್ಷ ತುಂಬಿದ್ದಕ್ಕೆ ಮಗ ಮಾಡಿಸಿದ ಪ್ರವಾಸ ಇದು. ನಾನು, ನಮ್ಮ ಮನೆಯವರು, ಮಗ-ಸೊಸೆ, ಹನ್ನೊಂದು ವರ್ಷದ ಮೊಮ್ಮಗಳು. ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆವು. ಬೋಗಿಯಲ್ಲಿ ಅರ್ಧಕ್ಕರ್ಧ ಜನ ನಮ್ಮ ಕಡೆಯೇ ಅಂಗಡಿ ಇಟ್ಟುಕೊಂಡಿರುವ ಮಾರ್ವಾಡಿಗಳು, ಮದುವೆ-ಮುಂಜಿಗೆ ಊರಿಗೆ ಹೊರಟವರು. ಹುಬ್ಬಳ್ಳಿ ಕನ್ನಡವನ್ನು ನಮಗಿಂತ ಚೆನ್ನಾಗಿ ಮಾತಾಡುತ್ತಿದ್ದರು. ಅವರ ಬುತ್ತಿಯಿಂದ ಪೂರಿ, ಉಪ್ಪಿನಕಾಯಿ. ನಮ್ಮ ಬುತ್ತಿಯಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ದಾರಿ ಸವೆದದ್ದೇ ತಿಳಿಯಲಿಲ್ಲ.

ಮೊದಲ ಎರಡು ದಿನ ಹಳೇ ಪೇಟೆಯ ಒಂದು ಸಣ್ಣ ವಸತಿಗೃಹದಲ್ಲಿದ್ದೆವು. ಮೂರನೆಯ ದಿನದ್ದು ಮಗ ಹೇಳಿರಲಿಲ್ಲ, ಗುಟ್ಟಾಗಿ ಇಟ್ಟಿದ್ದ. ಅದಕ್ಕೆ ಆಮೇಲೆ ಬರುತ್ತೇನೆ.

ಪೇಟೆಯ ಓಣಿಗಳು ಕಿರಿದು, ಗೋಡೆಗಳು ನೀಲಿ. ನಮ್ಮ ಕಡೆ ನೀಲಿ ಹಾಕಿದ ಸುಣ್ಣ ಬಳಿಯುತ್ತಿದ್ದರಲ್ಲ, ಅದೇ ಬಣ್ಣ, ಆದರೆ ಹತ್ತು ಪಾಲು ಗಾಢ. ಗಂಟಾಘರ್ ಎಂಬ ಗಡಿಯಾರ ಗೋಪುರದ ಸುತ್ತ ಸಂತೆ. ಅಲ್ಲಿ ಮಿರ್ಚಿ ವಡಾ ಸಿಗುತ್ತದೆ. ನಮ್ಮ ಮಿರ್ಚಿ ಭಜಿಯ ಅಣ್ಣ ಅನ್ನಬಹುದು: ದಪ್ಪ ಮೆಣಸಿನಕಾಯಿಯ ಹೊಟ್ಟೆಯಲ್ಲಿ ಆಲೂಗಡ್ಡೆ ಪಲ್ಯ ತುಂಬಿ ಕರಿಯುತ್ತಾರೆ. ನಮ್ಮ ಮನೆಯವರು ಮೂರು ತಿಂದು, "ಭಜಿ ನಮ್ಮದೇ ಛಲೋ" ಎಂದು ತೀರ್ಪು ಕೊಟ್ಟು, ನಾಲ್ಕನೆಯದಕ್ಕೆ ಕೈ ಹಾಕಿದರು.

ಕೋಟೆಗೆ ಬೆಳಿಗ್ಗೆಯೇ ಹೋಗಬೇಕು, ಬಿಸಿಲೇರಿದ ಮೇಲೆ ಕಲ್ಲು ಕಾದು ಹೆಂಚಾಗುತ್ತದೆ. ಈ ಕೋಟೆ ಕಟ್ಟಿಸಿದವನು ರಾವ್ ಜೋಧಾ. ಅವನಿಂದಲೇ ಊರಿಗೆ ಜೋಧಪುರ ಎಂಬ ಹೆಸರು. ಅದಕ್ಕೆ ಮುಂಚೆ ಅವರ ರಾಜಧಾನಿ ಹತ್ತಿರದ ಮಂಡೋರ್. ಜೋಧಾ ಆರಿಸಿಕೊಂಡ ಗುಡ್ಡದಲ್ಲಿ ಚಿಡಿಯಾನಾಥ ಎಂಬ ಒಬ್ಬ ಜೋಗಿ ಇದ್ದನಂತೆ. ಚಿಡಿಯಾ ಅಂದರೆ ಹಕ್ಕಿ. ಹಕ್ಕಿಗಳಿಗೆ ಕಾಳು ಹಾಕಿಕೊಂಡಿದ್ದ ಮುದುಕ. ಅವನನ್ನು ಎಬ್ಬಿಸಿ ಕಳಿಸಿದಾಗ "ನಿನ್ನ ಕೋಟೆಗೆ ನೀರಿನ ಬರ ತಪ್ಪದಿರಲಿ" ಎಂದು ಶಪಿಸಿ ಹೋದನೆಂದು ಕಥೆ. ರಾಜ ಹೆದರಿ ಅವನಿಗಾಗಿ ಗುಡಿ ಕಟ್ಟಿಸಿದ. ಆದರೂ ಮೂರು-ನಾಲ್ಕು ವರ್ಷಕ್ಕೊಮ್ಮೆ ಮಳೆ ಕೈಕೊಡುವುದು ನಿಲ್ಲಲಿಲ್ಲ ಎನ್ನುತ್ತಾರೆ ಅಲ್ಲಿಯವರು. ಮರುಭೂಮಿಯ ಅಂಚಿನ ಊರು; ಶಾಪವಿಲ್ಲದೆಯೂ ಮಳೆ ಕೈಕೊಡುವ ಜಾಗವೇ ಅದು.

ಆ ಶಾಪ ಕಳೆಯಲೆಂದು ಇನ್ನೊಂದು ಘೋರವೂ ನಡೆಯಿತು. ರಾಜಾರಾಮ್ ಮೇಘವಾಲ್ ಎಂಬಾತನನ್ನು ಕೋಟೆಯ ಅಡಿಪಾಯದಲ್ಲಿ ಜೀವಂತ ಹೂಳಲಾಯಿತು ಎಂದು ಅಲ್ಲಿನ ಇತಿಹಾಸ ಹೇಳುತ್ತದೆ. ಅವನಾಗಿಯೇ ಒಪ್ಪಿದ ಎನ್ನುತ್ತಾರೆ. ಬದಲಿಗೆ ಅವನ ಮನೆತನಕ್ಕೆ ಭೂಮಿ ಕೊಟ್ಟರು. ಕೋಟೆಯಲ್ಲಿ ಅವನ ನೆನಪಿನ ಕಲ್ಲಿದೆ. ಜನ ಫಿರಂಗಿಗಳ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಆ ಕಲ್ಲಿನ ಮುಂದೆ ನಿಲ್ಲುವವರು ಕಡಿಮೆ. ಮೊಮ್ಮಗಳು ನಿಂತಳು. "ಒಪ್ಪದೇ ಇದ್ದಿದ್ರೆ ಬಿಡ್ತಿದ್ರಾ ಅಜ್ಜಿ?" ಎಂದು ಕೇಳಿದಳು. ನನಗೂ ಅದೇ ಅನುಮಾನ.

ನೀರಿನ ಮಾತು ಬಂತಲ್ಲ, ಅದನ್ನು ಹೇಳಿಬಿಡುತ್ತೇನೆ. ಕೋಟೆಯ ಬುಡದಲ್ಲಿ ರಾಣೀಸರ್ ಎಂಬ ಕೆರೆ ಇದೆ, ಜೋಧಾನ ರಾಣಿ ಕಟ್ಟಿಸಿದ್ದು. ಪೇಟೆಯೊಳಗೆ ತೂರ್‌ಜೀ ಕಾ ಝಾಲ್ರಾ ಎಂಬ ಮೆಟ್ಟಿಲು ಬಾವಿ. 1740ರ ದಶಕದ್ದು, ಅದೂ ರಾಣಿಯೊಬ್ಬಳು ಕಟ್ಟಿಸಿದ್ದೇ. ಬಹಳ ಕಾಲ ಹೂಳು-ಕಸದಲ್ಲಿ ಮುಚ್ಚಿಹೋಗಿತ್ತು, ಈಚಿನ ವರ್ಷಗಳಲ್ಲಿ ಸ್ವಚ್ಛ ಮಾಡಿದ್ದಾರೆ. ಮೆಟ್ಟಿಲುಗಳು ತ್ರಿಕೋನ ತ್ರಿಕೋನವಾಗಿ ಕೆಳಗಿಳಿಯುತ್ತವೆ. ನಮ್ಮ ಲಕ್ಕುಂಡಿಯ ಬಾವಿಗಳನ್ನು ಕಂಡವರಿಗೆ ಇದು ದೂರದ ನೆಂಟನಂತೆ ಕಾಣುತ್ತದೆ. ಓಣಿಯ ಹುಡುಗರು ಮೇಲಿನ ಕಟ್ಟೆಯಿಂದ ಧುಮುಕಿ ಈಜುತ್ತಿದ್ದರು. ರಾಜರು ಕೋಟೆ ಕಟ್ಟಿದರು, ರಾಣಿಯರು ನೀರು ಕಟ್ಟಿದರು ಎಂದು ನಾನು ಹೇಳಿದ್ದಕ್ಕೆ ನಮ್ಮ ಮನೆಯವರು ಕೇಳಿಸದವರಂತೆ ಬಾವಿಯೊಳಗೆ ಇಣುಕಿದರು.

ಮೂರನೆಯ ದಿನ ಮಧ್ಯಾಹ್ನ ಆಟೊ ಹತ್ತಿದ ಮೇಲೆ ಮಗ ಗುಟ್ಟು ಬಿಟ್ಟ. ಒಂದು ರಾತ್ರಿ ಉಮೇದ್ ಭವನದಲ್ಲಿ! ಬಾಡಿಗೆ ಎಷ್ಟೆಂದು ಕೇಳಿದೆ, ಹೇಳಲಿಲ್ಲ. ಮೊಮ್ಮಗಳು ಕಿವಿಯಲ್ಲಿ ಉಸುರಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ಐದು ವರ್ಷದ ಸಂಬಳ ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ ಎಂದಷ್ಟೇ ಹೇಳುತ್ತೇನೆ.

ಆಟೊದವರಿಗೆ ಅರವತ್ತರ ಹತ್ತಿರದ ವಯಸ್ಸು. ಅರಮನೆಯ ಹೆಸರು ಕೇಳಿ ಕನ್ನಡಿಯಲ್ಲಿ ನಮ್ಮನ್ನು ನೋಡಿದರು. "ಮಾಜೀ, ನಮ್ಮಜ್ಜ ಅಲ್ಲಿ ಕೆಲಸ ಮಾಡಿದವರು" ಎಂದರು ಹಿಂದಿಯಲ್ಲಿ.

"ಹೋಟೆಲಿನಲ್ಲಾ?"

"ಇಲ್ಲ, ಇಲ್ಲ. ಕಟ್ಟುವಾಗ. ಬುಟ್ಟಿ ಹೊರುತ್ತಿದ್ದರು. ಅಕಾಲ್ ಬಿದ್ದಿತ್ತು. ಹೊಲದಲ್ಲಿ ಏನೂ ಇರಲಿಲ್ಲ. ಅಲ್ಲಿಂದ ರೊಟ್ಟಿ ಬಂತು."

ಅಕಾಲ್ ಅಂದರೆ ಬರಗಾಲ. ಮಾರ್ವಾಡದಲ್ಲಿ ಅಜ್ಜ-ಅಜ್ಜಿಯರ ಬಾಯಲ್ಲಿ ಈಗಲೂ ಉಳಿದಿರುವ ಒಂದು ಬರವಿದೆ: ಛಪ್ಪನಿಯಾ. ವಿಕ್ರಮ ಶಕೆ 1956ರಲ್ಲಿ, ಅಂದರೆ ಕ್ರಿ.ಶ. 1899-1900ರಲ್ಲಿ ಬಿದ್ದದ್ದು. ಛಪ್ಪನ್ ಅಂದರೆ ಐವತ್ತಾರು. ಹಳೇ ಮೈಸೂರಿನವರು 1876ರ ಬರವನ್ನು ಧಾತು ಸಂವತ್ಸರದ ಹೆಸರಿನಿಂದ ಧಾತು ಬರ ಎಂದರಲ್ಲ, ನಮ್ಮ ಕಡೆಯವರು 1790ರ ದಶಕದ್ದನ್ನು ಡೋಗಿ ಬರ ಎಂದರಲ್ಲ, ಹಾಗೆಯೇ. ದೊಡ್ಡ ಕಷ್ಟಕ್ಕೆ ಜನ ಒಂದು ಹೆಸರಿಟ್ಟು ನೆನಪಿಟ್ಟುಕೊಳ್ಳುತ್ತಾರೆ. 1920ರ ದಶಕದಲ್ಲಿ ಜೋಧಪುರಕ್ಕೆ ಮತ್ತೆ ಸಾಲಾಗಿ ಬರದ ವರ್ಷಗಳು ಬಂದವು. ರೈತರಿಗೆ ಕೆಲಸ ಬೇಕಾಗಿತ್ತು. ಆಗ ಗದ್ದುಗೆಯಲ್ಲಿದ್ದ ಮಹಾರಾಜ ಉಮೇದ್ ಸಿಂಗ್ ಈ ಅರಮನೆ ಕೆಲಸ ತೆಗೆದರು. ಎರಡು-ಮೂರು ಸಾವಿರ ಜನಕ್ಕೆ ವರ್ಷಗಟ್ಟಲೆ ಕೂಲಿ ಸಿಕ್ಕಿತು. 1929ರಲ್ಲಿ ಶುರುವಾದದ್ದು ಮುಗಿದದ್ದು 1943ರಲ್ಲಿ. ಬೇಗ ಮುಗಿಸುವ ಅವಸರ ಯಾರಿಗೂ ಇದ್ದಂತಿಲ್ಲ. ಕೆಲಸ ಮುಗಿದರೆ ಕೂಲಿಯೂ ಮುಗಿಯುತ್ತಿತ್ತು.

ಇಂಥದ್ದು ನಮ್ಮ ದೇಶದಲ್ಲಿ ಇದೇ ಮೊದಲಲ್ಲ. ಲಖನೌದ ಬಡಾ ಇಮಾಂಬಾಡಾವನ್ನು ಅಲ್ಲಿಯ ನವಾಬ ಕಟ್ಟಿಸತೊಡಗಿದ್ದೂ 1784ರ ಬರದಲ್ಲಿ, ಜನಕ್ಕೆ ಕೆಲಸ ಕೊಡುವುದಕ್ಕೇ.

ಅರಮನೆಯ ಬಾಗಿಲಲ್ಲಿ ಹಣೆಗೆ ಕುಂಕುಮವಿಟ್ಟು, ಹಾರ ಹಾಕಿ ಬರಮಾಡಿಕೊಂಡರು. ಒಳಗೆ ಹೋಗಿ ತಲೆಯೆತ್ತಿದರೆ ಗುಮ್ಮಟ. 105 ಅಡಿ ಎತ್ತರ. ನಾವು ವಿಜಯಪುರದ ಕಡೆಯವರು, ಗೋಲಗುಮ್ಮಟ ನೋಡಿ ಬೆಳೆದವರು, ಗುಮ್ಮಟಕ್ಕೆಲ್ಲ ಬೆರಗಾಗುವವರಲ್ಲ. ನಮ್ಮ ಮನೆಯವರು ಮೆಲ್ಲಗೆ ಒಂದು ಚಪ್ಪಾಳೆ ತಟ್ಟಿ ಕಿವಿಗೊಟ್ಟರು. "ಏಳು ಸಲ ಕೇಳಂಗಿಲ್ಲ ಬಿಡು" ಎಂದು ಸಮಾಧಾನ ಮಾಡಿಕೊಂಡರು.

ಒಟ್ಟು 347 ಕೋಣೆಗಳು. ಒಂದು ಭಾಗದಲ್ಲಿ ರಾಜಮನೆತನದವರು ಈಗಲೂ ವಾಸವಾಗಿದ್ದಾರೆ, ಒಂದು ಭಾಗ ವಸ್ತುಸಂಗ್ರಹಾಲಯ, ಉಳಿದದ್ದು ತಾಜ್‌ನವರು ನಡೆಸುವ ಹೋಟೆಲು. 1971ರಲ್ಲಿ ಸರ್ಕಾರ ರಾಜರಿಗೆ ಕೊಡುತ್ತಿದ್ದ ರಾಜಧನ ನಿಲ್ಲಿಸಿತು. ಇಷ್ಟು ದೊಡ್ಡ ಮನೆಗಳ ಕಸ ಗುಡಿಸಲಿಕ್ಕೇ ಎಷ್ಟು ಜನ ಬೇಕು ಯೋಚಿಸಿ! ದೇಶದ ಎಷ್ಟೋ ಅರಮನೆಗಳು ಹೋಟೆಲಾದದ್ದು ಹೀಗೆ. ಮೈಸೂರಿನ ಲಲಿತಮಹಲ್ ಕೂಡ 1974ರಲ್ಲಿ ಹೋಟೆಲಾಯಿತು.

ನಮಗೆ ಕೊಟ್ಟ ಕೋಣೆಯಲ್ಲಿ ನಮ್ಮೂರ ಶಾಲೆಯ ನಾಲ್ಕು ತರಗತಿ ಕೂರಿಸಬಹುದಿತ್ತು. ಮಂಚ ಎಷ್ಟು ಎತ್ತರವೆಂದರೆ ನಾನು ಹತ್ತುವುದನ್ನು ನೋಡಿ ಮೊಮ್ಮಗಳು ನಕ್ಕು ನಕ್ಕು ಕೆಳಗೆ ಕುಳಿತಳು. ಸ್ನಾನದ ಕೋಣೆಯಲ್ಲಿ ಐದು ಥರದ ಟವಲು. ಯಾವುದು ಯಾವುದಕ್ಕೆ ಎಂದು ಸೊಸೆ ಪಾಠ ಮಾಡಿದಳು. ಹುಲ್ಲುಹಾಸಿನಲ್ಲಿ ನವಿಲುಗಳು ಯಾರ ಹಂಗೂ ಇಲ್ಲದೆ ಓಡಾಡುತ್ತಿದ್ದವು. ನೆಲಮಾಳಿಗೆಯಲ್ಲಿ ಈಜುಕೊಳ, ಅದರಲ್ಲಿ ಹನ್ನೆರಡು ರಾಶಿಗಳ ಚಿತ್ರ. ಮೊಮ್ಮಗಳು ತನ್ನ ಕನ್ಯಾ ರಾಶಿಯನ್ನು ಹುಡುಕಿಕೊಂಡಳು.

ಆದರೆ ನನ್ನ ಕಣ್ಣು ಕಟ್ಟಿಕೊಂಡದ್ದು ಗೋಡೆ. ತಿಳಿ ಹಳದಿಯ ಮರಳುಗಲ್ಲು. ಈ ಕಲ್ಲುಗಳ ನಡುವೆ ಗಾರೆಯಿಲ್ಲ, ಸಿಮೆಂಟಿಲ್ಲ. ಬಡಗಿ ಮಂಚದ ಕಾಲಿಗೆ ಪಟ್ಟಿ ಕೂಡಿಸುವಾಗ ಕಚ್ಚು ಹಾಕುತ್ತಾನಲ್ಲ, ಹಾಗೆ ಒಂದು ಕಲ್ಲಿನ ಉಬ್ಬು ಇನ್ನೊಂದರ ಕುಳಿಯಲ್ಲಿ ಕೂರುವಂತೆ ಕೆತ್ತಿ ಜೋಡಿಸಿದ್ದಾರೆ. ಮಕ್ಕಳೇ, ನೀವು ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸಿ ಮನೆ ಕಟ್ಟುತ್ತೀರಲ್ಲ, ಅದರ ಅಜ್ಜ ಇದು. ಕಲ್ಲು ತರಲೆಂದು ಗಣಿಯಿಂದ ಗುಡ್ಡದವರೆಗೆ ರೈಲು ಹಳಿಯನ್ನೇ ಹಾಕಿದ್ದರು. ನಕ್ಷೆ ಮಾಡಿದವರು ಲ್ಯಾಂಚೆಸ್ಟರ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ. ಅವರ ಹೆಸರು ಎಲ್ಲ ಪುಸ್ತಕದಲ್ಲಿ ಸಿಗುತ್ತದೆ. ಕಚ್ಚು ಕೆತ್ತಿದವರ ಹೆಸರು ನನಗೆ ಯಾವುದರಲ್ಲೂ ಸಿಗಲಿಲ್ಲ. ಎರಡು ಕಲ್ಲು ಕೂಡಿದ ಜಾಗದಲ್ಲಿ ಮೊಮ್ಮಗಳು ಉಗುರು ತೂರಿಸಲು ನೋಡಿದಳು. ಆಗಲಿಲ್ಲ. ಫೋಟೊ ತೆಗೆದುಕೊಂಡಳು.

ಒಳಗಿನ ಚಿತ್ರಗಳ ಕಥೆ ಇನ್ನೂ ಸೋಜಿಗದ್ದು. ಅರಮನೆಗೆಂದು ಲಂಡನ್ನಿನಲ್ಲಿ ಮಾಡಿಸಿದ್ದ ಪೀಠೋಪಕರಣ ಹೊತ್ತ ಹಡಗು ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಸಮುದ್ರದಲ್ಲಿ ಮುಳುಗಿಹೋಯಿತು. ಅದೇ ಯುದ್ಧದಿಂದ ಮನೆ-ಮಠ ಕಳೆದುಕೊಂಡು ಪೋಲೆಂಡಿನಿಂದ ಓಡಿಬಂದಿದ್ದ ಒಬ್ಬ ಚಿತ್ರಕಾರ ಆಗ ಭಾರತದಲ್ಲಿದ್ದ. ಸ್ಟೆಫಾನ್ ನಾರ್ಬ್ಲಿನ್ ಅವನ ಹೆಸರು. ಮಹಾರಾಜರು ಒಳಾಂಗಣದ ಕೆಲಸವನ್ನು ಅವನಿಗೆ ವಹಿಸಿದರು. ಸಿಂಹಾಸನದ ಕೋಣೆಯ ಗೋಡೆಗಳ ಮೇಲೆ ಅವನು ಬರೆದದ್ದೇನು ಗೊತ್ತೇ? ರಾಮಾಯಣ! ಮನೆ ಬಿಟ್ಟು ಬಂದವನು ವನವಾಸದ ಕಥೆ ಬರೆದ. ಅವನ ರಾಮ-ಸೀತೆಯರು ನಮ್ಮ ಕ್ಯಾಲೆಂಡರಿನವರಂತಿಲ್ಲ. ನೀಳ ಮೈ, ಚೂಪು ಮುಖ, ಹಳೇ ಸಿನಿಮಾ ಪೋಸ್ಟರಿನವರ ಹಾಗೆ. ನನಗೆ ಮೊದಲು ಸೇರಲಿಲ್ಲ, ನೋಡುತ್ತಾ ನೋಡುತ್ತಾ ಸೇರಿತು.

ರಾತ್ರಿ ಊಟಕ್ಕೆ ಸಜ್ಜೆ ರೊಟ್ಟಿ, ಕೇರ್-ಸಾಂಗ್ರಿ ಎಂಬ ಪಲ್ಯ. ಸಾಂಗ್ರಿ ಎಂದರೆ ಖೇಜ್ರಿ ಮರದ ಕಾಯಿ. ಖೇಜ್ರಿ ಅಂದರೆ ಬೇರೆ ಯಾವುದೂ ಅಲ್ಲ, ದಸರೆಗೆ ನಾವು ಪೂಜಿಸಿ ಬಂಗಾರ ಹಂಚುವ ಬನ್ನಿ ಮರ! ಮಳೆಯಿಲ್ಲದಾಗಲೂ ಹಸಿರಾಗಿ ನಿಲ್ಲುವ ಮರ. ಬೆಳೆ ಹೋದ ವರ್ಷ ಅದರ ಕಾಯಿ ಒಣಗಿಸಿಟ್ಟು ತಿನ್ನುತ್ತಿದ್ದರು. ಛಪ್ಪನಿಯಾದಲ್ಲಿ ತೊಗಟೆಯನ್ನೂ ಅರೆದು ತಿಂದರಂತೆ. ಈಗ ಅದು ಬೆಳ್ಳಿಯಂಥ ಬಟ್ಟಲಲ್ಲಿ ಬರುತ್ತದೆ. ಜೋಧಪುರದ ಹತ್ತಿರ ಖೇಜಡ್ಲಿ ಎಂಬ ಹಳ್ಳಿಯಿದೆ. 1730ರಲ್ಲಿ ಆಗಿನ ರಾಜ ಅಭಯ ಸಿಂಗನ ಹೊಸ ಅರಮನೆಗೆ ಸುಣ್ಣ ಸುಡಲು ಈ ಮರಗಳನ್ನು ಕಡಿಯಲು ಬಂದಾಗ ಅಮೃತಾ ದೇವಿ ಎಂಬ ಬಿಷ್ಣೋಯಿ ಹೆಣ್ಣುಮಗಳು ಮರ ತಬ್ಬಿ ನಿಂತಳು. ಅವಳ ಹಿಂದೆ ಒಬ್ಬೊಬ್ಬರಾಗಿ ಬಂದು ಮರ ತಬ್ಬಿ ಪ್ರಾಣ ಕೊಟ್ಟವರು 363 ಜನ. ಒಂದು ಅರಮನೆಗಾಗಿ ಅಷ್ಟು ಜನ ಸತ್ತರು, ಇನ್ನೊಂದು ಅರಮನೆಯಿಂದ ಅಷ್ಟು ಜನ ಬದುಕಿದರು. ಎರಡೂ ಒಂದೇ ಊರಿನ ಸುತ್ತ.

ಕೋಣೆಗೆ ಬಂದ ಮೇಲೆ ಮೊಮ್ಮಗಳು ಸುಮ್ಮನಿರಲಿಲ್ಲ. "ಅಜ್ಜಿ, ಬರ ಬಂದಾಗ ಊಟ ಸುಮ್ನೆ ಕೊಡಬಹುದಿತ್ತಲ್ಲ? ಕಲ್ಲು ಯಾಕೆ ಹೊರಿಸ್ಬೇಕು?"

ಆಗ ನಾನು ಅವಳಿಗೆ ನಮ್ಮವ್ವನ ಕಥೆ ಹೇಳಿದೆ. 1972ರಲ್ಲಿ ನಮ್ಮ ಕಡೆ ದೊಡ್ಡ ಬರ. ನನಗೆ ಒಂಬತ್ತು ವರ್ಷ. ಬಾವಿ ಒಣಗಿ ತಳದಲ್ಲಿ ಕಪ್ಪೆಯೂ ಇರಲಿಲ್ಲ. ಸರ್ಕಾರ ಬರಗಾಲದ ಕೆಲಸ ತೆಗೆಯಿತು. ನಮ್ಮವ್ವ, ಅತ್ತೆ, ಓಣಿಯ ಹೆಂಗಸರೆಲ್ಲ ರಸ್ತೆಗೆ ಖಡಿ ಒಡೆಯಲು ಹೋದರು. ಬೆರಳಿಗೆ ಹಳೇ ಸೀರೆಯ ಚಿಂದಿ ಸುತ್ತಿಕೊಂಡು ಸುತ್ತಿಗೆ ಹಿಡಿಯುತ್ತಿದ್ದರು. ಒಡೆದ ಖಡಿಯನ್ನು ಪೆಟ್ಟಿಗೆಯಲ್ಲಿ ಅಳೆದು ಲೆಕ್ಕ. ನಾನು ತಮ್ಮನನ್ನು ಎತ್ತಿಕೊಂಡು ಜಾಲಿ ಗಿಡದ ನೆರಳಲ್ಲಿ ಕೂರುತ್ತಿದ್ದೆ. ಸಂಜೆಗೆ ಕೆಂಪು ಜೋಳ ಸಿಗುತ್ತಿತ್ತು. ಆ ರೊಟ್ಟಿ ಹರಿಯುತ್ತಿರಲಿಲ್ಲ, ಮುರಿಯುತ್ತಿತ್ತು. ಆದರೆ ಅವ್ವ ಅದನ್ನು ಬೀಗರ ಮುಂದೆಯೂ ತಲೆಯೆತ್ತಿ ಬಡಿಸುತ್ತಿದ್ದಳು. "ಬೇಡಿ ತಂದದ್ದಲ್ಲ, ದುಡಿದು ತಂದದ್ದು" ಎನ್ನುತ್ತಿದ್ದಳು. ಆ ರಸ್ತೆಯ ಮೇಲೆ ಈಗ ದಿನಕ್ಕೆ ನಾಲ್ಕು ಬಸ್ಸು ಓಡುತ್ತವೆ. ಅವ್ವ ಬದುಕಿರುವವರೆಗೆ ಆ ಬಸ್ಸಿನಲ್ಲಿ ಹೋಗುವಾಗಲೆಲ್ಲ ಹಳ್ಳದ ತಿರುವು ಬಂದರೆ ಕಿಟಕಿಯಿಂದ ಕೈ ತೋರಿಸುತ್ತಿದ್ದಳು: "ಇದು ನಮ್ಮ ಗುಂಪಿನದು."

ಮೊಮ್ಮಗಳು ಸ್ವಲ್ಪ ಹೊತ್ತು ಯೋಚಿಸಿದಳು. "ಆದ್ರೆ ರಸ್ತೆ ಎಲ್ಲರಿಗೂ ಆಯ್ತು ಅಜ್ಜಿ. ಇದು ರಾಜಂಗೆ ಮಾತ್ರ ಆಯ್ತಲ್ಲ. ಕೆರೆ ಕಟ್ಟಿಸಬಹುದಿತ್ತು."

ಮಾತು ಸರಿಯೇ. ನಾನೂ ಅವಳ ಪಕ್ಷವೇ. ಒಂದು ಕೋಟಿ ರೂಪಾಯಿಗೂ ಮೀರಿ ಇದಕ್ಕೆ ಖರ್ಚಾಯಿತು ಎಂಬ ಅಂದಾಜಿದೆ, ಅದು ಆ ಕಾಲದ ಕೋಟಿ. ಆದರೆ ಇನ್ನೊಂದು ಮಾತನ್ನೂ ಅವಳಿಗೆ ಹೇಳಿದೆ. ಇದೇ ಉಮೇದ್ ಸಿಂಗರು 1946ರಲ್ಲಿ ಜವಾಯಿ ನದಿಗೆ ಅಣೆಕಟ್ಟಿನ ಕೆಲಸವನ್ನೂ ಶುರು ಮಾಡಿಸಿದ್ದರು. ಅದು ಮುಗಿದದ್ದು 1957ರಲ್ಲಿ. ಮುಗಿದದ್ದನ್ನು ಅವರು ನೋಡಲಿಲ್ಲ. 1947ರ ಜೂನ್‌ನಲ್ಲಿ, 44 ತುಂಬುವ ಮೊದಲೇ ತೀರಿಕೊಂಡರು. ಹದಿನಾಲ್ಕು ವರ್ಷ ಕಟ್ಟಿಸಿದ ಅರಮನೆಯಲ್ಲೂ ಅವರು ಇದ್ದದ್ದು ನಾಲ್ಕು ವರ್ಷವಷ್ಟೇ.

"ಹಂಗಾದ್ರೆ ಮೊದ್ಲು ಅಣೆಕಟ್ಟು ಕಟ್ಟಿಸ್ಬೇಕಿತ್ತು" ಎಂದಳು, ಹಟ ಬಿಡದೆ. ನಮ್ಮ ಮನೆಯವರು ಆಗಲೇ ಐದು ದಿಂಬುಗಳ ನಡುವೆ ಗೊರಕೆ ಹೊಡೆಯುತ್ತಿದ್ದರು. ಬೆಳಗಿನ ಜಾವಕ್ಕೆ ನೋಡಿದರೆ ನೆಲದ ಮೇಲೆ ಜಮಖಾನೆಯಲ್ಲಿ ಮಲಗಿದ್ದಾರೆ. "ಮೆತ್ತಗಿನ ಹಾಸಿಗಿ, ಮುಳುಗಿದಂಗ ಆತು" ಎಂದರು.

ಮಾರನೆಯ ದಿನ ವಸ್ತುಸಂಗ್ರಹಾಲಯ ನೋಡಿದೆವು. ಓದುಗರಿಗೆ ಹೇಳಬೇಕಾದ್ದು: ಇದನ್ನು ನೋಡಲು ಹೋಟೆಲಿನಲ್ಲಿ ಇಳಿದುಕೊಳ್ಳಬೇಕಾಗಿಲ್ಲ, ಟಿಕೆಟ್ ಕೊಂಡು ಯಾರೂ ಹೋಗಬಹುದು. ವಿಚಿತ್ರ ಆಕಾರದ ಗಡಿಯಾರಗಳು, ಹಳೆಯ ಕಾರುಗಳು ಮಕ್ಕಳಿಗೆ ಹಿಡಿಸುತ್ತವೆ. ಅರಮನೆಯ ಹಳೆಯ ಫೋಟೊಗಳನ್ನೂ ನಿಧಾನವಾಗಿ ನೋಡಿ. ಗೋಡೆಯ ಗಡಸು, ಗುಮ್ಮಟದ ಎತ್ತರ ಕಾಣಲು ಅಷ್ಟು ಸಾಕು. ಮಗ ಇದನ್ನು ಓದಿದರೆ ಬೇಸರಪಟ್ಟುಕೊಳ್ಳಬಾರದು, ಹಾಸಿಗೆಯೂ ಚೆನ್ನಾಗಿತ್ತು.

ಸ್ಟೇಷನ್ನಿಗೆ ಹೋಗಲು ಅದೇ ಆಟೊದವರನ್ನು ಕರೆಸಿದೆವು. ಮೊಮ್ಮಗಳು ಮುಂದಕ್ಕೆ ಬಾಗಿ, ಕಲ್ಲಿನ ಕಚ್ಚಿನ ಫೋಟೊ ತೋರಿಸಿ, ತನಗೆ ಬರುವ ಹಿಂದಿಯಲ್ಲಿ "ಇದು ನಿಮ್ಮಜ್ಜ ಮಾಡಿದ್ದಾ?" ಎಂದು ಕೇಳಿದಳು.

ಅವರು ಗಾಡಿ ಬದಿಗೆ ನಿಲ್ಲಿಸಿದರು. ಮೊಬೈಲು ಇಸಿದುಕೊಂಡು, ಎರಡು ಬೆರಳಿನಿಂದ ಫೋಟೊ ಹಿಗ್ಗಿಸಿ, ಬಹಳ ಹೊತ್ತು ನೋಡಿದರು.

"ಇಲ್ಲ ಬೇಟಾ, ಇದು ಸಿಲಾವಟರ ಕೆಲಸ. ಕಲ್ಲು ಕೆತ್ತುವವರು ಬೇರೆ. ನಮ್ಮಜ್ಜ ಬುಟ್ಟಿ ಹೊತ್ತವರು" ಎಂದರು. ಮೊಬೈಲು ವಾಪಸು ಕೊಟ್ಟು ಗಾಡಿ ಚಾಲೂ ಮಾಡಿದವರು ಮತ್ತೆ ಆರಿಸಿದರು. "ಇದರ ಕೆಳಗೆ ಪಾಯ ಇರುತ್ತದಲ್ಲ. ಅದು ಫೋಟೊದಲ್ಲಿ ಬರುವುದಿಲ್ಲ. ಅಲ್ಲಿ ಮಣ್ಣು ಹೊತ್ತರು."